ಗ್ರಹಣ ಬಿಟ್ಟ ಮೇಲೆ ಚೆಲ್ಲಿದ ನೀರು

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಮಗಳ ಬೆಳೆ ಚೇತರಿಸಿಕೊಳ್ಳಲಿ ಅಂದುಕೊಂಡೆ. ಬೆಳೆ ಚೇತರಿಸಿಕೊಂಡ ಮೇಲೆ ಅವಳ ಕೋರ್ಟಿನ ಕೆಲಸ ಮುಗಿಯಲಿ ಅಂದುಕೊಂಡೆ. ಅದೂ ಮುಗಿಯಿತು. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ನಿಧಾನವಾಗಿ ಬರೆಯೋಣ ಎಂದೆ. ಪೊರೆ ತೆಗೆಸಿ ಆಯಿತು, ಅಕ್ಷರ ಚೆನ್ನಾಗಿ ಕಾಣುತ್ತಿದೆ. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ನಮ್ಮದು ಬೆಂಗಳೂರಿನ ಏರ್‌ಪೋರ್ಟಿಗೆ ಹತ್ತಿರ, ಬೂದಿಗೆರೆ ಕಡೆಯ ಒಂದು ಹಳ್ಳಿ. ನಾನು ಹೈಸ್ಕೂಲು ಮುಗಿಸಿ ನೇರವಾಗಿ ಹೊಲಕ್ಕೆ ಇಳಿದವನು. ರಾಗಿ, ಹಿಪ್ಪುನೇರಳೆ ಬೆಳೆದೆ, ರೇಷ್ಮೆ ಹುಳ ಸಾಕಿದೆ, ಗೂಡನ್ನು ಇಲ್ಲೇ ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೊತ್ತೆ. ಈಗ ಸುತ್ತಲೂ ಲೇಔಟು ಬಂದಿದೆ. ನಮಗೆ ಉಳಿದಿರುವುದು ಮನೆಯ ಪಕ್ಕದ ಒಂದು ತುಂಡು ಜಾಗ ಮತ್ತು ಮನೆಯ ಹಿಂದೆ ಬಾಡಿಗೆಗೆಂದು ಕಟ್ಟಿಸಿದ ಒಂದು ರೂಮು.

ಮಗಳು ಗಂಡನ ಮನೆ ಬಿಟ್ಟು ಬಂದ ದಿನ ನಾನು ಅವಳಿಗೆ ಆಡಿದ ಮೊದಲ ಮಾತು, "ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಿತ್ತು ಕಣಮ್ಮ" ಎಂದು. ಅವಳು ಕೈಯಲ್ಲಿದ್ದ ಬ್ಯಾಗನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅವತ್ತಿನಿಂದ ನನ್ನೊಡನೆ ಅವಳ ಮಾತು ಊಟಕ್ಕೆ ಬಾ, ಔಷಧಿ ತಗೋ ಅನ್ನುವಷ್ಟಕ್ಕೆ ನಿಂತಿತು. ತಾಯಿಯ ಹತ್ತಿರ ಮಾತ್ರ ಹೇಳಿದ್ದಳಂತೆ, "ಇಲ್ಲೇ ಏನಾದ್ರೂ ಮಾಡ್ಕೊಳ್ಳೋಕೆ ಆದ್ರೆ ಇರ್ತೀನಿ. ಇಲ್ಲಾ ಅಂದ್ರೆ ಬೆಂಗಳೂರಲ್ಲಿ ಪಿ.ಜಿ. ಸೇರ್ಕೊಂಡು ಯಾವ್ದಾದ್ರೂ ಕೆಲ್ಸಕ್ಕೆ ಹೋಗ್ತೀನಿ. ಅಪ್ಪನ ಮುಖ ನೋಡ್ಕೊಂಡು ಸುಮ್ನೆ ಕೂತಿರೋಕಾಗಲ್ಲ."

ಆಮೇಲೆ ಮಾಳಿಗೆಯ ಮೇಲೆ ಪೆಟ್ಟಿಗೆಗಳು ಬಂದವು. ಮೀನು ತುಂಬಿ ಕಳಿಸುವಂಥ ಬಿಳಿ ಥರ್ಮಾಕೋಲ್ ಪೆಟ್ಟಿಗೆಗಳು. ಮುಚ್ಚಳಕ್ಕೆ ಸಾಲಾಗಿ ತೂತು ಕೊರೆದು, ಪ್ರತಿ ತೂತಿನಲ್ಲೂ ಜಾಲರಿಯಂಥ ಒಂದು ಪುಟ್ಟ ಕುಂಡ ಕೂರಿಸಿದಳು. ಒಳಗೆ ಮಣ್ಣಿಲ್ಲ. ಪೆಟ್ಟಿಗೆಯ ತುಂಬ ನೀರು, ನೀರಿಗೆ ಎರಡು ಬಾಟಲಿಯಿಂದ ಅಳತೆ ಮಾಡಿ ಹಾಕಿದ ಪೋಷಕಾಂಶದ ದ್ರವ. ಬಣ್ಣದ ಮೀನು ಮಾರುವ ಅಂಗಡಿಯಿಂದ ತಂದ ಗಾಳಿ ಪಂಪು ಹಗಲೂ ರಾತ್ರಿ ಆ ನೀರಿಗೆ ಗುಳ್ಳೆ ಬಿಡುತ್ತಿತ್ತು. ಬೇರಿಗೆ ಉಸಿರಾಡಲು ಆ ಗುಳ್ಳೆ ಬೇಕಂತೆ. ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತಿದ್ದಳು.

"ಮಣ್ಣು ಬೇಡ, ಗೊಬ್ಬರ ಬೇಡ. ಇನ್ನು ರೈತನೂ ಬೇಡ ಅಂದ್ಬಿಡು" ಎಂದೆ ನಾನು.

"ರೈತ ಬೇಕಪ್ಪ. ಕೊಂಕು ಮಾತಾಡೋ ರೈತ ಬೇಡ."

ನಾನು ಅಷ್ಟಕ್ಕೆ ಬಾಯಿ ಮುಚ್ಚಲಿಲ್ಲ. ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ: "ನೋಡ್ತಾ ಇರಿ, ಮೂರು ತಿಂಗಳು ಅಷ್ಟೆ. ಆಮೇಲೆ ಆ ಪೆಟ್ಟಿಗೇಲಿ ಇವ್ರಮ್ಮ ರಾಗಿ ತುಂಬ್ಕೋತಾಳೆ." ಅದು ಮಗಳ ಕಿವಿಗೂ ಬಿತ್ತು. ಈ ಒಂದು ಮಾತು ಮುಂದೆ ನನ್ನ ಬಾಯಿಯನ್ನೇ ಕಟ್ಟಿತು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಒಂದು ಬೆಳಿಗ್ಗೆ ನೀರಿನ ಟ್ಯಾಂಕು ನೋಡಲು ಮಾಳಿಗೆಗೆ ಹೋಗಿದ್ದೆ. ಮಗಳು ಒಂದು ಮುಚ್ಚಳ ಎತ್ತಿ ಹಿಡಿದಿದ್ದಳು. ಅದರ ಕೆಳಗೆ ಬೇರುಗಳು ಇಳಿಬಿದ್ದಿದ್ದವು. ಹಾಲಿನಂತೆ ಬಿಳುಪು, ಮುದುಕಿಯ ಕೂದಲಿನಂತೆ ಉದ್ದ. ನಾನು ಜೀವಮಾನವೆಲ್ಲ ಬೆಳೆ ಬೆಳೆದವನು, ಆದರೆ ಗಿಡದ ಬೇರನ್ನು ಇಡಿಯಾಗಿ, ಜೀವಂತವಾಗಿ ನೋಡಿರಲಿಲ್ಲ. ಮಣ್ಣಿನಿಂದ ಕಿತ್ತರೆ ಬೇರು ಹರಿದೇ ಬರುವುದು. ಎಷ್ಟು ಹೊತ್ತು ನಿಂತು ನೋಡಿದೆನೋ ಏನೋ, ಮಗಳೇ ಕೇಳಿದಳು, "ಏನಪ್ಪಾ, ದೃಷ್ಟಿ ಹಾಕ್ತಿದ್ಯಾ?"

ಮಾರನೆಯ ದಿನದಿಂದ ನಾನು ಹಲ್ಲುಜ್ಜಿದ ಮೇಲೆ ಮೊದಲು ಹೋಗುತ್ತಿದ್ದುದು ಮಾಳಿಗೆಗೆ. ಗುಳ್ಳೆಯ ಸದ್ದು ಕೇಳಿದರೆ ಸಮಾಧಾನ. ಲೆಟ್ಯೂಸ್ ಎನ್ನುವ ಸೊಪ್ಪು ಎದ್ದಿತು, ಪಾಲಕ್ ಎದ್ದಿತು, ಬೇಸಿಲ್ ಎನ್ನುವ ಗಿಡವಂತೂ ತುಳಸಿಯ ತಂಗಿಯಂತೆ ಪೊದೆಯಾಯಿತು. ನನ್ನ ಹೆಂಡತಿ ಅದಕ್ಕೆ ಕೈ ಮುಗಿದಳು.

"ಅಮ್ಮಾ, ಇದನ್ನ ಪಿಜ್ಜಾ ಮೇಲೆ ಹಾಕ್ತಾರೆ."

"ಹಾಕ್ಕೊಳ್ಲಿ. ಅದಕ್ಕೇ ಮೊದ್ಲೇ ಕೈ ಮುಗೀತಿರೋದು."

ಏರ್‌ಪೋರ್ಟ್ ರಸ್ತೆಯ ಒಂದು ಹೋಟೆಲಿನವರು ಬಂದು ನೋಡಿ, ಸೊಪ್ಪು ಚೆನ್ನಾಗಿದೆ, ಮೊದಲ ಕೊಯ್ಲು ನಮಗೇ ಕೊಡಿ, ಹೊಂದಿದರೆ ವಾರವಾರವೂ ತೆಗೆದುಕೊಳ್ಳುತ್ತೇವೆ ಎಂದರು. ಮಗಳು ಪಿ.ಜಿ.ಯ ಮಾತು ಬಿಟ್ಟಳು. ಅಷ್ಟೇ ಮುಖ್ಯವಾದದ್ದು, ನನ್ನ ಜೊತೆ ಮಾತಾಡತೊಡಗಿದಳು. ಸೊಪ್ಪಿನ ವಿಷಯವೇ ಇರಬಹುದು, ಆದರೂ ಮಾತು.

ಹಿಂದಿನ ರೂಮಿನಲ್ಲಿ ಆಗ ಒಬ್ಬ ಹೆಂಗಸು ಬಾಡಿಗೆಗಿದ್ದಳು. ರಾಯಚೂರು ಕಡೆಯವಳು, ವಯಸ್ಸು ಐವತ್ತರ ಹತ್ತಿರ, ಏರ್‌ಪೋರ್ಟಿನಲ್ಲಿ ಸ್ವಚ್ಛತೆಯ ಕೆಲಸ. ಒಬ್ಬಳೇ ಇದ್ದಳು. ಬಟ್ಟೆ ಒಗೆಯುವ ಕಲ್ಲು, ನಲ್ಲಿ ಎರಡೂ ಮಾಳಿಗೆಯ ಮೇಲಿದ್ದುದರಿಂದ ಪಾಳಿ ಮುಗಿಸಿ ಬಂದು ಅಲ್ಲೇ ಒಗೆಯುತ್ತಿದ್ದಳು. ಅವಳ ಸೋಪಿನ ಪುಡಿಯ ಡಬ್ಬವೂ ಆ ಕಲ್ಲಿನ ಮೇಲೆಯೇ ಇರುತ್ತಿತ್ತು. ಮಗಳಿಗೂ ಅವಳಿಗೂ ಬಹಳ ಸ್ನೇಹ. ನಾವೆಲ್ಲ ಲೆಟ್ಯೂಸನ್ನು ಬಾಯಿಗಿಟ್ಟು ದನದ ಮೇವು ಎಂದು ಮುಖ ಸಿಂಡರಿಸಿದರೆ, ಆಕೆ ಒಂದು ಹಿಡಿ ತೊಳೆದು ಜೋಳದ ರೊಟ್ಟಿಯ ಜೊತೆ ನೆಮ್ಮದಿಯಾಗಿ ತಿಂದಳು. "ನಮ್ ಕಡೆ ಹಸೀ ಸೊಪ್ಪು ಇಲ್ದ ಊಟಾನ ಇಲ್ರೀ ಯಜಮಾನ್ರ. ಇದ್ಕ ಇಷ್ಟ್ಯಾಕ ಹೆದರ್ತೀರಿ?"

ಕೊಯ್ಲಿಗೆ ಇನ್ನು ಕೆಲವೇ ದಿನ ಇರುವಾಗ ಚಂದ್ರಗ್ರಹಣ ಬಂತು. ದೇವಸ್ಥಾನದ ಅಯ್ಯನೋರು ಪಂಚಾಂಗ ನೋಡಿ, ಇದು ನಿಮ್ಮ ಮಗಳ ರಾಶಿಗೇ ಹಿಡಿಯುತ್ತದೆ, ಸ್ವಲ್ಪ ಎಚ್ಚರವಾಗಿರಿ ಎಂದರು. ಗ್ರಹಣದ ಮಾರನೆಯ ದಿನವೇ ಅವಳ ವಿಚ್ಛೇದನದ ಕೇಸಿಗೆ ಬೆಂಗಳೂರಿನಲ್ಲಿ ವಾಯಿದೆ ಇತ್ತು. ಗ್ರಹಣದ ಹಿಂದಿನ ದಿನವೇ ಅಲ್ಲಿನ ಗೆಳತಿಯ ಮನೆಗೆ ಹೊರಟಳು. ಹೊರಡುವಾಗ ನನ್ನನ್ನು ಕರೆದು ಹೇಳಿದಳು, "ಅಪ್ಪಾ, ಗುಳ್ಳೆ ಬರ್ತಾ ಇದೆಯಾ ಅಂತ ನೋಡ್ತಿರು ಸಾಕು. ಬೇರೆ ಏನೂ ಮುಟ್ಬೇಡ."

"ನನಗೇನು ಬೇರೆ ಕೆಲ್ಸ ಇಲ್ವಾ" ಎಂದೆ, ಒಳಗೊಳಗೇ ಹಿಗ್ಗಿ. ಅವಳು ಬಂದ ಮೇಲೆ ನನಗೆ ಒಪ್ಪಿಸಿದ ಮೊದಲ ಕೆಲಸ ಅದು.

ಮಾರನೆಯ ಸಂಜೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದುಕೊಂಡು ಹುಟ್ಟಿದ. ನನ್ನ ಹೆಂಡತಿ ಮಧ್ಯಾಹ್ನವೇ ಗರಿಕೆ ತಂದು ಉಪ್ಪಿನಕಾಯಿಗೆ, ಹಾಲಿಗೆ, ನೀರಿನ ತೊಟ್ಟಿಗೆ, ಮಾಳಿಗೆಯ ಟ್ಯಾಂಕಿಗೆ ಹಾಕಿದ್ದಳು. ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದು ಬಂದದ್ದು ಹೀಗೆ: ಗರಿಕೆ ಹಾಕಿದ ನೀರು ಇರಬಹುದು, ಗರಿಕೆ ಬೀಳದ ನೀರನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಿ, ಪಾತ್ರೆ ಉಜ್ಜಿ, ಹೊಸ ನೀರು ತುಂಬಬೇಕು.

"ಮೇಲಿನ ಪೆಟ್ಟಿಗೆ ನೀರಿಗೆ ಗರಿಕೆ ಹಾಕಿದ್ಯೇನೆ?" ಎಂದು ಗ್ರಹಣ ಬಿಟ್ಟ ಮೇಲೆ ಕೇಳಿದೆ.

"ಇಲ್ಲಪ್ಪ. ಅದು ಅವಳದು. ನೀವು ಅದರ ತಂಟೆಗೆ ಹೋಗ್ಬೇಡಿ" ಎಂದು ಹೇಳಿ ಅವಳು ಸ್ನಾನಕ್ಕೆ ಹೋದಳು.

ನಾನು ಮಾಳಿಗೆಗೆ ಹೋದೆ. ರಾಶಿಗೆ ಗ್ರಹಣ, ನಾಳೆ ಕೋರ್ಟು. ಅವಳು ಬದುಕು ಕಟ್ಟಿಕೊಳ್ಳಬೇಕೆಂದು ಹೊರಟಿರುವುದೇ ಈ ನೀರಿನಲ್ಲಿ, ಆ ನೀರು ಗ್ರಹಣದ ಉದ್ದಕ್ಕೂ ಹಾಗೇ ನಿಂತಿದೆ. ನನ್ನ ಮನಸ್ಸಿನಲ್ಲಿದ್ದುದು ಇಷ್ಟೇ. ಯಾರು ನಂಬಲಿ ಬಿಡಲಿ, ಇಷ್ಟೇ.

ಪಂಪಿನ ಪ್ಲಗ್ಗು ಕಿತ್ತೆ. ಗಿಡಗಳ ಸಮೇತ ಮುಚ್ಚಳಗಳನ್ನು ಎತ್ತಿ ಒದ್ದೆ ಗೋಣಿಚೀಲದ ಮೇಲೆ ಇಟ್ಟೆ. ಒಂದೊಂದೇ ಪೆಟ್ಟಿಗೆ ಓರೆ ಮಾಡಿ ನೀರನ್ನೆಲ್ಲ ಚೆಲ್ಲಿದೆ. ಒಗೆಯುವ ಕಲ್ಲಿನ ಮೇಲಿದ್ದ ಡಬ್ಬದಿಂದ ಸೋಪಿನ ಪುಡಿ ತೆಗೆದುಕೊಂಡು, ಪಾತ್ರೆ ಉಜ್ಜಿದಂತೆ ಒಳಗೆಲ್ಲ ಉಜ್ಜಿ ತೊಳೆದೆ. ಬೇರುಗಳು ಸ್ವಲ್ಪ ಜಾರುತ್ತಿದ್ದವು. ಅದು ಕೊಳೆಯಿರಬೇಕೆಂದು ಅವನ್ನೂ ಅದೇ ಸೋಪಿನ ಕೈಯಲ್ಲಿ, ಮಗುವಿನ ತಲೆ ತಿಕ್ಕುವಂತೆ ಮೆಲ್ಲಗೆ ತಿಕ್ಕಿದೆ. ಆಮೇಲೆ ಟ್ಯಾಂಕಿನ ಬೋರ್‌ವೆಲ್ ನೀರು ತುಂಬಿ, ಎಲ್ಲವನ್ನೂ ಇದ್ದ ಹಾಗೆ ಜೋಡಿಸಿ, ಪ್ಲಗ್ಗು ಚುಚ್ಚಿದೆ. ಗುಳ್ಳೆ ಬಂತು. ನೀರಿನ ಮೇಲೆ ತೆಳುವಾಗಿ ನೊರೆಯೂ ಬಂತು, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ರೂಮಿನ ಹೆಂಗಸು ಒಣಗಿದ ಬಟ್ಟೆ ತೆಗೆಯಲು ಬಂದಳು. ನನ್ನ ಪಂಚೆಯೆಲ್ಲ ಒದ್ದೆ, ಮಾಳಿಗೆಯೆಲ್ಲ ನೀರು.

"ಗ್ರಹಣ ಬಿಡ್ತೇನ್ರೀ ಯಜಮಾನ್ರ?"

"ಬಿಡ್ತು."

"ನೀರು ಹೊಸಾವು ಹಾಕಿದ್ರೇನು?"

"ಹೂಂ."

ಆಕೆ ಬಟ್ಟೆ ಮಡಚಿಕೊಂಡು ಇಳಿದು ಹೋದಳು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಲೆಟ್ಯೂಸು ಜೋತುಬಿದ್ದಿತ್ತು. ಬಿಸಿಲಿಗಿರಬೇಕೆಂದು ಎಲೆಗಳ ಮೇಲೆ ನೀರು ಚಿಮುಕಿಸಿದೆ. ಸಂಜೆ ಮಗಳು ಬರುವ ಹೊತ್ತಿಗೆ ಎಲ್ಲವೂ ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಮಲಗಿತ್ತು. ಚಪ್ಪಲಿಯನ್ನೂ ಬಿಡದೆ ಮೇಲೆ ಓಡಿದಳು. ಮುಚ್ಚಳ ಎತ್ತಿದರೆ ಕೆಳಗೆ ನೊರೆ, ಬೇರು ಕಂದಿ ಹೋಗಿದೆ. ಬೆರಳು ಅದ್ದಿ ಮೂಸಿದಳು.

"ಸೋಪು! ಅಪ್ಪಾ, ನೀನೇನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ?"

ಮಾತು ತಾನಾಗಿಯೇ ಬಂದುಬಿಟ್ಟಿತು. ನಿಜ ಹೇಳಿದರೆ ಅವಳಿಗೆ ಮೊದಲು ನೆನಪಾಗುವುದು 'ಮೂರು ತಿಂಗಳು ಅಷ್ಟೆ' ಎಂದ ನನ್ನ ಕೊಂಕು. ಬೇಕೆಂದೇ ಹಾಳು ಮಾಡಿದ ಎಂದು ತಿಳಿದು, ಆ ರಾತ್ರಿಯೇ ಬ್ಯಾಗು ಕಟ್ಟುತ್ತಾಳೆ ಎಂದು ಹೆದರಿದೆ. ನಾನು ಅಷ್ಟು ಹೆದರಿದ್ದು ಜೀವನದಲ್ಲಿ ಕಡಿಮೆ.

ಹೆಂಡತಿ ಮೇಲೆ ಬಂದವಳೇ ಮೂಸಿ ನೋಡಿ, "ಇದು ರೂಮಿನೋಳ ಪುಡಿ ವಾಸನೆ ಅಲ್ವಾ?" ಎಂದಳು. ಆಕೆಯನ್ನು ಕೂಗಿ ಕರೆದರು. ಆಗ ತಾನೇ ಕೆಲಸದಿಂದ ಬಂದಿದ್ದಳು, ಏರ್‌ಪೋರ್ಟಿನ ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬಂದಳು.

"ಆಂಟೀ, ಬಟ್ಟೆ ಒಗೆಯೋವಾಗ ಸೋಪಿನ ನೀರು ಇದಕ್ಕೆ ಬಿತ್ತಾ? ನಿಜ ಹೇಳಿ" ಎಂದಳು ಮಗಳು.

"ಇಲ್ಲವ್ವಾ. ನಾ ಎರಡು ದಿನಾತು ಒಗದೇ ಇಲ್ಲ."

"ಮತ್ತೆ ನಿಮ್ಮ ಪುಡಿ ಅದಾಗಿ ಅದೇ ನಡ್ಕೊಂಡು ಹೋಗಿ ಬಿತ್ತಾ?"

ಆಕೆ ನನ್ನ ಕಡೆ ನೋಡಿದಳು. ಬಹಳ ಹೊತ್ತೇನೂ ಅಲ್ಲ. ನಾನೇ ಹೇಳುತ್ತೇನೆಂದು ಕಾದಳು. ನಾನು ಟ್ಯಾಂಕಿನ ಪೈಪು ನೋಡುತ್ತಾ ನಿಂತೆ.

"ಪುಡಿ ನಂದ ಐತಿ, ಖರೆ" ಎಂದಳು ಆಕೆ. "ಇನ್ನೇನ್ ಹೇಳ್ಲಿ."

ಮಗಳು ಅವತ್ತು ಆಕೆಗೆ ಅನ್ನಬಾರದ್ದನ್ನೆಲ್ಲ ಅಂದಳು. ನನ್ನ ಸೊಪ್ಪು ತಿಂದು ನನಗೇ ಹೀಗೆ ಮಾಡಿದಿರಿ ಎಂದಳು. ಇನ್ನು ಮಾಳಿಗೆ ಹತ್ತಬೇಡಿ ಎಂದಳು. ಆಕೆ ಆಮೇಲೆ ರೂಮಿನ ಬಾಗಿಲಲ್ಲೇ ಒಂದು ಬಕೆಟ್ಟಿನಲ್ಲಿ ಬಟ್ಟೆ ಹಿಂಡಿಕೊಳ್ಳುತ್ತಿದ್ದಳು. ತಿಂಗಳು ಮುಗಿಯುತ್ತಲೇ, ಪಾಳಿಗೆ ಹೋಗಲು ಹತ್ತಿರವಾಗುತ್ತದೆ ಎಂದು ಹೇಳಿ ಬೇರೆ ಕಡೆ ರೂಮು ಮಾಡಿಕೊಂಡು ಹೋದಳು. ಹೋಗುವಾಗ ನನ್ನ ಹೆಂಡತಿಯ ಕೈಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟು ಹೋದಳು. ಮನೆಯವರೆಲ್ಲ ತಿಂದರು. ನಾನು ಖಾರ ಆಗುವುದಿಲ್ಲ ಎಂದೆ.

ಹೋಟೆಲಿನವರು ಒಳ್ಳೆಯವರು, ಇನ್ನೊಮ್ಮೆ ಬೆಳೆದು ಕೊಡಿ, ಕಾಯುತ್ತೇವೆ ಎಂದರು. ಥರ್ಮಾಕೋಲು ಸೋಪಿನ ವಾಸನೆ ಹೀರಿಕೊಂಡಿದ್ದರಿಂದ ಮಗಳು ಹೊಸ ಪೆಟ್ಟಿಗೆ ತಂದು ಮತ್ತೆ ಬೀಜ ಹಾಕಿದಳು. ಮಾಳಿಗೆಯ ಬಾಗಿಲಿಗೆ ಬೀಗ ಹಾಕಿಸಿದಳು. ಕೀಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಹತ್ರ ಬಿಟ್ಟು ಇನ್ಯಾರ ಹತ್ರಾನೂ ಬೇಡಪ್ಪ" ಎಂದಳು. ಆ ಕೀ ಜೇಬಿನಲ್ಲಿದ್ದಷ್ಟು ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ. ಹೆಂಡತಿ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದಳು.

ಹೊಸ ಸೊಪ್ಪು ಒಂದು ಗೇಣು ಬಂದಾಗ, ಒಂದು ಬೆಳಿಗ್ಗೆ ಮಗಳು ನನ್ನನ್ನು ಮೇಲೆ ಕರೆದಳು. "ಬಾಪ್ಪ, ಈ ಮುಚ್ಚಳ ಹಿಡ್ಕೊ. ನೀರು ಬದಲಾಯಿಸ್ಬೇಕು."

"ಬದಲಾಯಿಸ್ಬೇಕಾ?"

"ಹೂಂ. ಆಗಾಗ ಹಳೇದನ್ನ ಚೆಲ್ಲಿ ಹೊಸದು ಹಾಕ್ಬೇಕು. ಇಲ್ಲಾಂದ್ರೆ ಗಿಡಕ್ಕೆ ಆಗಲ್ಲ."

"ಪೂರ್ತಿ ಚೆಲ್ಲೋದಾ?"

"ಪೂರ್ತಿ. ಪೆಟ್ಟಿಗೇನೂ ತೊಳೀಬೇಕು. ಸೋಪು ಮಾತ್ರ ಮುಟ್ಟಿಸ್ಬಾರ್ದು."

ನನ್ನ ಕೈಯಲ್ಲಿ ಮುಚ್ಚಳ, ಅದರ ಕೆಳಗೆ ಬಿಳಿ ಬೇರು ತೊಟ್ಟಿಕ್ಕುತ್ತಿತ್ತು. ಅವಳು ಪೆಟ್ಟಿಗೆ ಓರೆ ಮಾಡಿ ನೀರು ಚೆಲ್ಲಿದಳು, ನಾನು ಚೆಲ್ಲಿದ ಹಾಗೇ. ನಾನು ಅವಳು ಬರುವ ತನಕ ಕಾದು, ಗ್ರಹಣದ ನೀರು ಕಣಮ್ಮ, ಚೆಲ್ಲಿಬಿಡೋಣ ಎಂದಿದ್ದರೆ, ಆಗಲಪ್ಪ, ಹೇಗೂ ಬದಲಾಯಿಸುವುದಿತ್ತು ಎನ್ನುತ್ತಿದ್ದಳೋ ಏನೋ. ಕೇಳಬೇಕಾಗಿದ್ದುದು ಅಷ್ಟೇ. ನಾನು ಮಗಳನ್ನು ಏನನ್ನೂ ಕೇಳಿ ಅಭ್ಯಾಸವಿಲ್ಲದವನು.

"ಆವತ್ತು ಪೆಟ್ಟಿಗೆ ತೊಳೆದದ್ದು ನಾನೇ" ಎಂದೆ.

"ಯಾವತ್ತು?"

"ಗ್ರಹಣದ ದಿನ. ಸೋಪು ಹಾಕಿದ್ದು ನಾನೇ. ಆ ಹೆಂಗಸು ಮುಟ್ಟಲಿಲ್ಲ."

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ನಾನು ಇಷ್ಟು ದಿನ ಯಾವ ಪ್ರಶ್ನೆಗೆ ಹೆದರಿದ್ದೆನೋ ಅದನ್ನೇ ಕೇಳಿದಳು. "ಬೇಕು ಅಂತ ಮಾಡಿದ್ಯಾ?"

"ಇಲ್ಲ ಕಣಮ್ಮ. ನಿನ್ನ ರಾಶಿಗೆ ಹಿಡಿದಿತ್ತು. ಆ ನೀರು ಇಟ್ಕೋಬಾರ್ದು ಅಂತ ಚೆಲ್ಲಿದೆ. ಬೇರೂ ತಿಕ್ಕಿ ತೊಳೆದೆ."

"ಬೇರಾ? ಬೇರು ತಿಕ್ಕಿದ್ಯಾ?"

"ಜಾರ್ತಾ ಇತ್ತು. ಕೊಳೆ ಅಂದ್ಕೊಂಡೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು, "ಸರಿ, ನಂಬ್ತೀನಿ. ಹಾಳು ಮಾಡ್ಬೇಕು ಅನ್ನೋನು ಕೂತ್ಕೊಂಡು ಬೇರು ತೊಳೀತಾನಾ?"

ನಾನು ಮುಚ್ಚಳವನ್ನು ಪೆಟ್ಟಿಗೆಯ ಮೇಲಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತೆ. ತಪ್ಪಾಯ್ತು ಕಣಮ್ಮ ಎಂದೆ. ಬಾಯಿಂದ ಬಂದ ಮೇಲೆ ಅದು ಅಷ್ಟು ದೊಡ್ಡ ಮಾತಾಗಿರಲಿಲ್ಲ. ಅವಳು ಬಂದ ದಿನ ನಾನು ಆಡಿದ ಮಾತಿಗೂ ಸೇರಿಸಿ ಇನ್ನೊಂದು ಸಲ ಹೇಳಿದೆ. ಅವಳು ಹೆಗಲ ಮೇಲಿನ ಟವೆಲ್ಲನ್ನು ನನಗೆ ಕೊಟ್ಟಳು.

ಅವಳ ಸಿಟ್ಟು ಆಮೇಲೆ ಬಂತು, ಅದು ಸೊಪ್ಪಿಗಾಗಿ ಅಲ್ಲ. "ಆಂಟಿಗೆ ನಾನು ಏನೆಲ್ಲಾ ಅಂದೆ ಗೊತ್ತಾ ನಿಂಗೆ? ನೀನು ಪಕ್ಕದಲ್ಲೇ ನಿಂತಿದ್ಯಲ್ಲಪ್ಪಾ!" ಎಂದು ಅತ್ತಳು. ಅಲ್ಲೇ ನಿಂತು ಆಕೆಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿ, ತಪ್ಪಾಯ್ತು ಆಂಟೀ ಎಂದಳು. ಫೋನನ್ನು ನನಗೂ ಕೇಳುವಂತೆ ಹಿಡಿದಿದ್ದಳು.

"ನಂಗ ಗೊತ್ತಿತ್ತವ್ವಾ" ಎಂದಿತು ಆ ಕಡೆಯ ದನಿ. "ಅವತ್ತ ಮ್ಯಾಲ ಬಂದಾಗ ನಾ ಕಣ್ಣಾರೆ ನೋಡಿದ್ನಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ಅಪ್ಪ ಮಗಳು ಆಗಿನ್ನ ಮಾತಾಡಾಕ ಹತ್ತಿದ್ರಿ. ನಾ ಹೇಳಿ ಅದನ್ ಯಾಕ ಕೆಡಸ್ಲಿ? ನಂಗೇನು, ಇನ್ನೊಂದು ರೂಮ್ ಸಿಗತೈತಿ."

ಮಗಳು ಫೋನನ್ನು ನನ್ನ ಕೈಗಿತ್ತು, ಹೇಳು ಎಂಬಂತೆ ಕಣ್ಣು ಮಾಡಿದಳು.

"ಆರಾಮ ಅದೀರೇನ್ರೀ ಯಜಮಾನ್ರ?"

"ಚೆನ್ನಾಗಿದೀನಮ್ಮ" ಎಂದೆ. "ಊಟ ಆಯ್ತಾ?"

"ಆತ್ರೀ."

ಆಮೇಲೆ ಆಕೆಯೇ, ಸೊಪ್ಪು ಹೆಂಗೈತ್ರೀ ಎಂದು ಕೇಳಿದಳು. ಚೆನ್ನಾಗಿದೆ ಎಂದು ಹೇಳಿ ಫೋನನ್ನು ಮಗಳಿಗೆ ಕೊಟ್ಟುಬಿಟ್ಟೆ.

ಆ ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ. ಹೆಂಡತಿಗೂ ಹೇಳಿದೆ. ಅವಳು, "ಇನ್ನೊಂದು ಗ್ರಹಣ ಬರ್ಲಿ, ನಿಮ್ಮ ತಲೆ ಮೇಲೆ ಗರಿಕೆ ಹಾಕಿ ಒಳಗೆ ಕೂರಿಸ್ತೀನಿ" ಎಂದಳು. ಅವಳಿಗೂ ತಪ್ಪಾಯ್ತು ಎಂದೆ, ಏಕೆಂದರೆ ರೂಮಿನವಳನ್ನು ಮೊದಲು ಹೆಸರಿಸಿದ ಪಾಪ ಅವಳ ತಲೆಗೆ ಬರುವಂತೆ ಮಾಡಿದ್ದೂ ನಾನೇ. ಮಗಳು ಇಲ್ಲೇ ಇದ್ದಾಳೆ. ಮಾಳಿಗೆಯಲ್ಲಿ ಪೆಟ್ಟಿಗೆಗಳು ಹೆಚ್ಚಾಗಿವೆ. ನೀರು ಬದಲಾಯಿಸುವ ದಿನ ಮುಚ್ಚಳ ಹಿಡಿಯುವುದು ನಾನೇ, ಹಿಡಿದುಕೊಂಡು ಅದೂ ಇದೂ ಕೇಳುತ್ತಿರುತ್ತೇನೆ. ಅವಳು ರೇಗುತ್ತಾ ಹೇಳಿಕೊಡುತ್ತಾಳೆ. ಮನೆಯಲ್ಲಿ ಇಷ್ಟು ಹಗುರವಾಗಿ ಓಡಾಡಿ ಎಷ್ಟು ಕಾಲವಾಗಿತ್ತೋ.

ಇಷ್ಟಾದರೂ ಒಂದು ಉಳಿದಿದೆ. ಆಕೆಗೆ ಗೊತ್ತಿದೆ, ಆಕೆಗೆ ಸಿಟ್ಟಿಲ್ಲ, ಮಗಳು ನಮ್ಮೆಲ್ಲರ ಪರವಾಗಿ ಹೇಳಿಯಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆದರೆ ನನ್ನ ಬಾಯಿಂದ ಬರಬೇಕಾದ ಮಾತು ಬಂದಿಲ್ಲ. ಆಕೆಯ ನಂಬರು ಮಗಳ ಫೋನಿನಲ್ಲಿದೆ, ಆಕೆಯ ರೂಮು ಇಲ್ಲಿಂದ ಒಂದು ಬಸ್ಸಿನ ದೂರ. ಈ ಮನೆಯಲ್ಲಿ ಎಲ್ಲರ ಮುಂದೆಯೂ ತಪ್ಪಾಯ್ತು ಎಂದಿರುವ ನಾನು ಇವತ್ತಿನವರೆಗೂ ಆ ಮಾತನ್ನು ಹೇಳದೆ ಉಳಿಸಿಕೊಂಡಿರುವುದು ಒಬ್ಬರಿಗೆ: ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ, ಏರ್‌ಪೋರ್ಟಿನ ನೆಲ ಒರೆಸುವ, ರಾಯಚೂರು ಕಡೆಯ ಆ ಹೆಂಗಸಿಗೆ.